ಟೇಪಿಗೆ ಹೊಲಿದ ಬಣ್ಣದ ದಾರ

ಒಂದೂರಿನ ಮಹಿಳಾ ಮಂಡಳಿಯಲ್ಲಿ ಸರ್ವಮಂಗಳಮ್ಮ ಎಂಬ ಹೊಲಿಗೆ ಟೀಚರ್ ಇದ್ದರು. ಹದಿನೆಂಟು ವರ್ಷದಿಂದ ಕಲಿಸುತ್ತಿದ್ದರು. ಕೈಕೆಲಸ ಬಲು ಚೊಕ್ಕ, ಬಾಯಿ ಬಲು ಜೋರು. ಆರು ತಿಂಗಳ ತರಬೇತಿ, ಕೊನೆಗೊಂದು ಪರೀಕ್ಷೆ, ಪಾಸಾದವರಿಗೆ ಸರ್ಟಿಫಿಕೇಟು.

ಆ ಸಲ ಹದಿನೈದು ಹೆಂಗಸರು ಕಲಿಯಲು ಬಂದಿದ್ದರು. ಹದಿನಾಲ್ಕು ಜನರ ಕಾಟ ಒಂದು ತೂಕ, ದೇವೀರಮ್ಮ ಒಬ್ಬಳದೇ ಒಂದು ತೂಕ ಎಂದು ಸರ್ವಮಂಗಳಮ್ಮ ದಿನಾ ತಲೆ ಚಚ್ಚಿಕೊಳ್ಳುತ್ತಿದ್ದರು.

ದೇವೀರಮ್ಮ ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು. ಸೋಪಿನ ನೀರಿಗೆ ಬೆರಳ ಸಂದಿಯೆಲ್ಲ ಹುಣ್ಣಾಗಿತ್ತು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಸಂಘದವರು, ಸರ್ಟಿಫಿಕೇಟು ತಂದರೆ ಕೆಲಸ ಕೊಡುತ್ತೇವೆ ಎಂದಿದ್ದರು. ಆ ಒಂದು ಕಾಗದಕ್ಕಾಗಿ ಅವಳು ಮಧ್ಯಾಹ್ನದ ಊಟ ಬಿಟ್ಟು ಓಡೋಡಿ ಬರುತ್ತಿದ್ದಳು.

ಅವಳು ಹಾಕಿದ ಹೊಲಿಗೆ ಗೆರೆ ಎಳೆದ ಹಾಗೆ ನೇರವಾಗಿರುತ್ತಿತ್ತು. ಆದರೆ ಅಂಕಿ ಕಂಡರೆ ಆಗುತ್ತಿರಲಿಲ್ಲ. ಟೇಪಿನ ಮೇಲಿನ ಆರು ಅವಳ ಕಣ್ಣಿಗೆ ಒಂಬತ್ತಾಗುತ್ತಿತ್ತು, ಹನ್ನೆರಡು ಇಪ್ಪತ್ತೊಂದಾಗುತ್ತಿತ್ತು. ಸರ್ವಮಂಗಳಮ್ಮನವರ ಪಾಠವೋ ಎಲ್ಲರಿಗೂ ಒಂದೇ. ಟೇಪು ಹಿಡಿ, ಅಂಕಿ ಓದು, ಪುಸ್ತಕದಲ್ಲಿ ಬರೆದುಕೋ, ಕತ್ತರಿಸು. ಓದಲಾಗದಿದ್ದರೆ? ಅದಕ್ಕೆ ಅವರ ಪಾಠದಲ್ಲಿ ಜಾಗವಿರಲಿಲ್ಲ.

ಪರೀಕ್ಷೆಗೆ ಹೆಸರು ಕಳಿಸುವ ಹಿಂದಿನ ದಿನ ದೇವೀರಮ್ಮ ಮತ್ತೆ ಬಟ್ಟೆ ಕೆಡಿಸಿದಳು. ಅದು ಮೂರನೆಯ ರವಿಕೆ. ಸರ್ವಮಂಗಳಮ್ಮ ಅದನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದರು.

"ಮೂವತ್ತಾರು ಅಂತ ಬಾಯಲ್ಲಿ ಹೇಳ್ದೆ. ಬೋರ್ಡ್ ಮೇಲೆ ಬರ್ದೆ. ನೀನು ಮೂವತ್ತೊಂಬತ್ತಕ್ಕೆ ಕತ್ತರಿ ಹಾಕಿದ್ದೀಯ. ಇದೇನು ರವಿಕೇನಾ, ಗೋಣಿಚೀಲಾನಾ?"

ದೇವೀರಮ್ಮ ತಲೆ ತಗ್ಗಿಸಿ ಹೇಳಿದಳು, "ಅಂಕಿ ನನ್ ಕಣ್ಣಿಗೆ ನಿಲ್ಲಾಕಿಲ್ಲ ಟೀಚರ್. ಟೇಪಿಗೆ ಬಣ್ಣದ ದಾರ ಹೊಲ್ಕೊಳ್ಳಾ? ಹತ್ತು ಇಂಚಿಗೊಂದು ಕೆಂಪು, ಮಧ್ಯ ಐದಕ್ಕೊಂದು ಹಳದಿ. ಆಗ ಬೆರಳಲ್ಲೇ ಎಣಿಸ್ಕೋತೀನಿ."

"ಇವತ್ತು ನಿನಗೆ ದಾರ. ನಾಳೆ ಇನ್ನೊಬ್ಬಳಿಗೆ ದಿಂಬು. ನಾಡಿದ್ದು ಮತ್ತೊಬ್ಬಳಿಗೆ ನಾನು ಬೀಸಣಿಗೆ ಹಿಡ್ಕೊಂಡು ನಿಂತ್ಕೋಬೇಕಾ? ಒಬ್ಬಳಿಗೆ ಕೊಟ್ರೆ ಎಲ್ಲರೂ ಕೇಳ್ತಾರೆ. ನನ್ನ ಕ್ಲಾಸಲ್ಲಿ ಎಲ್ಲರೂ ಒಂದೇ. ಈ ಸಲ ನಿನ್ನ ಹೆಸರು ಕಳಿಸಲ್ಲ, ಹೋಗು."

ದೇವೀರಮ್ಮ ಮೂಲೆಯಲ್ಲಿ ಕೂತು, ಕೆಟ್ಟ ರವಿಕೆಯ ಹೊಲಿಗೆ ಬಿಚ್ಚತೊಡಗಿದಳು. ಸರ್ವಮಂಗಳಮ್ಮನವರ ಸಿಟ್ಟು ಮಾತ್ರ ಇಳಿಯಲಿಲ್ಲ. ಎಷ್ಟು ಹೇಳಿದರೂ ತಲೆಗೆ ಹತ್ತದವರನ್ನು ಕಟ್ಟಿಕೊಂಡು ಏಗುವುದೇ ತನ್ನ ಹಣೆಬರಹ ಎಂದು ಗೊಣಗಿಕೊಂಡರು.

ಅಷ್ಟರಲ್ಲಿ ಅಂಗನವಾಡಿಯ ಜಯಶೀಲಮ್ಮ, ಸರ್ವಮಂಗಳಮ್ಮನವರಿಗೆ ಹೊಲಿಯಲು ಕೊಟ್ಟಿದ್ದ ಹೊಸ ರವಿಕೆ ತೆಗೆದುಕೊಂಡು ಹೋಗಲು ಬಂದರು. ಚಿಕ್ಕಂದಿನಲ್ಲಿ ಬಿದ್ದು ಅವರ ಎಡ ಭುಜ ಎರಡು ಬೆರಳಿನಷ್ಟು ಕೆಳಗಿಳಿದಿತ್ತು. ಒಳಗೆ ಹೋಗಿ ತೊಟ್ಟುಕೊಂಡು ಬಂದು ಕನ್ನಡಿಯ ಮುಂದೆ ನಿಂತರು. ಒಂದು ಸುಕ್ಕಿಲ್ಲ, ತೋಳು ಜಾರುತ್ತಿಲ್ಲ. ಜಯಶೀಲಮ್ಮ ಅತ್ತ ತಿರುಗಿದರು, ಇತ್ತ ತಿರುಗಿದರು.

"ಇದೇನು ಮಾಡಿದ್ರಿ ಅಕ್ಕಾ?"

"ಮಾಡೋದೇನು, ಎಡಗಡೆ ಬೇರೆ ಅಳತೆ, ಬಲಗಡೆ ಬೇರೆ ಅಳತೆ. ಎಡಕ್ಕೆ ಒಳಗೊಂದು ತೆಳು ಪ್ಯಾಡ್ ಇಟ್ಟಿದ್ದೀನಿ. ಎರಡೂ ಕಡೆ ಒಂದೇ ಥರ ಕತ್ತರಿಸೋಕೆ ನನಗೇನು ತಲೆ ಕೆಟ್ಟಿದ್ಯಾ?"

ಜಯಶೀಲಮ್ಮನವರ ಕಣ್ಣು ಒದ್ದೆಯಾಯಿತು. "ಇಷ್ಟು ದಿನ ಹೊಲಿದೋರೆಲ್ಲ ನನ್ನ ಭುಜಾನ ಬೈದ್ರು ಅಕ್ಕಾ. ನೀವೊಬ್ರು ಬಟ್ಟೇನ ಸರಿ ಮಾಡಿದ್ರಿ."

ಅವರು ಹೋದ ಮೇಲೂ ಸರ್ವಮಂಗಳಮ್ಮ ಕತ್ತರಿ ಹಿಡಿದು ನಿಂತೇ ಇದ್ದರು. ಆ ಮಾತು ಚುಚ್ಚಿತ್ತು. ಅಳತೆ ತೆಗೆಯದೆ ಒಂದು ರವಿಕೆಯನ್ನೂ ಕತ್ತರಿಸದ ನಾನು, ಹದಿನೈದು ಜನರಿಗೆ ಒಂದೇ ಅಳತೆಯ ಪಾಠ ಕತ್ತರಿಸುತ್ತಿದ್ದೇನೆ. ಹೊಂದದಿದ್ದರೆ ಭುಜವನ್ನೇ ಬೈಯುತ್ತಿದ್ದೇನೆ. ಅವರಿಗೆ ತಮ್ಮ ಮೇಲೇ ಎಂಥ ಸಿಟ್ಟು ಬಂತೆಂದರೆ, ಅದನ್ನೂ ದೇವೀರಮ್ಮನ ಮೇಲೆಯೇ ತೀರಿಸಿಕೊಂಡರು.

"ಏನೇ, ಅಲ್ಲೇ ಕೂತಿರ್ತೀಯಾ? ಟೇಪ್ ತಗೊಂಡು ಬಾ. ಕೆಂಪು ಉಂಡೆ ಡಬ್ಬೀಲಿದೆ, ಹಳದಿ ನಾನು ಹುಡುಕ್ತೀನಿ."

ಅಂದೇ ಇಬ್ಬರೂ ಕೂತು ಟೇಪಿಗೆ ದಾರ ಹೊಲಿದರು. ಎದೆಯಳತೆ ಮೂವತ್ತಾರು ಎಂದರೆ ಮೂರನೆಯ ಕೆಂಪು, ಅದರಾಚೆ ಒಂದು ಹಳದಿ, ಮೇಲೊಂದು ಇಂಚು. ಪುಸ್ತಕದಲ್ಲಿ ಅಂಕಿಯ ಬದಲು ಬಣ್ಣದ ಗೀಟು. ಕಾಲುಭಾಗ ಬೇಕಾದಾಗ ಲೆಕ್ಕ ಬೇಡ, ಟೇಪನ್ನೇ ನಾಲ್ಕು ಮಡಿಕೆ ಮಡಿಸಿದರಾಯಿತು. ದೇವೀರಮ್ಮನ ಹೆಸರು ಪಟ್ಟಿಯ ಕೊನೆಯಲ್ಲಿ ಸೇರಿತು.

ಇನ್ನು ಎಲ್ಲರೂ ದಾರ ಕೇಳುತ್ತಾರೆ ಎಂದು ಸರ್ವಮಂಗಳಮ್ಮ ಕಾದರು. ಯಾರೂ ಕೇಳಲಿಲ್ಲ. ಅಂಕಿ ಕಾಣುವವರಿಗೆ ದಾರ ಯಾಕೆ? ಕಣ್ಣು ಮಂದವಾದ ಒಬ್ಬಳು ಮಾತ್ರ, ತನ್ನ ಮಿಷನ್ ಕಿಟಕಿಯ ಪಕ್ಕಕ್ಕೆ ಬಂದರೆ ಚೆನ್ನಾಗಿತ್ತು ಎಂದಳು. ಎತ್ತಿಡಲು ಎರಡು ನಿಮಿಷ ಹಿಡಿಯಿತು. ಇಷ್ಟಕ್ಕೇ ತಾನು ಆರು ತಿಂಗಳು ಕೂಗಾಡಿದೆನಲ್ಲ ಎಂದು ಟೀಚರಿಗೆ ಇನ್ನಷ್ಟು ರೇಗಿತು.

ಪರೀಕ್ಷೆಯ ದಿನ ಜಿಲ್ಲೆಯಿಂದ ಪರೀಕ್ಷಕಿ ಬಂದರು. ದೇವೀರಮ್ಮನ ಟೇಪು ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನ್ರೀ ಟೇಪಿಗೆ ಅಲಂಕಾರ? ಬೇರೆ ಯಾರಿಗೂ ಇಲ್ಲದ್ದು ಇವರೊಬ್ಬರಿಗೆ ಯಾಕೆ? ಎಲ್ಲರೂ ಒಂದೇ ಅಲ್ವಾ?"

ತಮ್ಮದೇ ಮಾತು ಬೇರೆಯವರ ಬಾಯಲ್ಲಿ ಕೇಳಿ ಸರ್ವಮಂಗಳಮ್ಮನವರಿಗೆ ಮೈ ಉರಿಯಿತು. "ಮೇಡಂ, ಪರೀಕ್ಷೆ ರವಿಕೆಗೋ, ಟೇಪಿಗೋ? ರವಿಕೆ ಅಳೆದು ನೋಡಿ. ಕಾಲಿಂಚು ತಪ್ಪಿದ್ರೂ ಫೇಲ್ ಮಾಡಿ, ನಾನು ತಕರಾರು ಮಾಡಲ್ಲ."

ದೇವೀರಮ್ಮ ಹೊಲಿದು ಮುಗಿಸಿದ ಮೇಲೆ ಪರೀಕ್ಷಕಿ ತಮ್ಮ ಟೇಪಿನಿಂದಲೇ ಅಳೆದರು. ಎದೆ, ಸೊಂಟ, ತೋಳು, ಕೊರಳು. ಎರಡನೆಯ ಸಲವೂ ಅಳೆದರು. ಎಲ್ಲಿಯೂ ತಪ್ಪಿರಲಿಲ್ಲ. ಪೆನ್ನು ತೆಗೆದು ಸಹಿ ಹಾಕಿದರು. ದೇವೀರಮ್ಮ ಹುಣ್ಣಾದ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಹೊರಡುವಾಗ ಪರೀಕ್ಷಕಿ ಸಹಜವಾಗಿ ಕೇಳಿದರು, "ಒಳ್ಳೇ ಉಪಾಯ. ಎಷ್ಟು ವರ್ಷದಿಂದ ಕಲಿಸ್ತಿದ್ದೀರಿ?"

"ಹದಿನೆಂಟು ವರ್ಷ."

"ಹಾಗಾದ್ರೆ ಇಂಥ ಟೇಪು ತುಂಬ ಜನಕ್ಕೆ ಮಾಡಿಕೊಟ್ಟಿರ್ತೀರಿ."

ಸರ್ವಮಂಗಳಮ್ಮನವರಿಗೆ ಅರ್ಧಕ್ಕೇ ಬಿಟ್ಟು ಹೋದವರ ಮುಖಗಳು ಒಂದೊಂದಾಗಿ ನೆನಪಾದವು. ಅವರೆಲ್ಲರ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ತಾವೇ ಬರೆದಿದ್ದರು: ಕಲಿಯಲು ಆಸಕ್ತಿ ಇಲ್ಲ.

ನೀತಿ: ಎಲ್ಲರಿಗೂ ಒಂದೇ ಅಳತೆಯ ರವಿಕೆ ಹೊಲಿದರೆ ದರ್ಜಿಗೆ ಬುದ್ಧಿಯಿಲ್ಲ ಎನ್ನುತ್ತೇವೆ. ಎಲ್ಲರಿಗೂ ಒಂದೇ ಬಗೆಯಲ್ಲಿ ಪಾಠ ಹೇಳಿದರೆ ಮಾತ್ರ ಅದನ್ನು ನ್ಯಾಯ ಎನ್ನುತ್ತೇವೆ. ಕಲಿಯಬೇಕಾದ್ದು ಎಲ್ಲರಿಗೂ ಒಂದೇ ಇರಲಿ, ಕಲಿಯುವ ದಾರಿ ಅವರವರಿಗೆ ಹೊಂದಲಿ. ಕಲಿಯಲಾರದವರನ್ನು ಬೈಯುವ ಮೊದಲು ನಿಮ್ಮ ಪಾಠವನ್ನೊಮ್ಮೆ ಬಿಚ್ಚಿ ಹೊಲಿಯಿರಿ.