ಬಣ್ಣ ಬಳಿದ ಪೆಟ್ಟಿಗೆ

ಹೈಸ್ಕೂಲಿನ ವರಾಂಡದ ಗೋಡೆಯಲ್ಲಿ 'ನಿಮ್ಮ ಕಷ್ಟ ನಮಗೆ ಹೇಳಿ' ಎಂದು ಬರೆದ ಪೆಟ್ಟಿಗೆಯೊಂದಿತ್ತು. ಒಂದು ದಿನ ಅದು ತನ್ನ ಬೀಗಕ್ಕೆ ಹೇಳಿತು: "ಬೀಗಣ್ಣಾ, ಒಂಬತ್ತನೇ ತರಗತಿಯ ಅಂಬಿಕಾ ಮೂರನೇ ಚೀಟಿ ಹಾಕಿದ್ದಾಳೆ. ಬರುವ ಸೋಮವಾರ ಅವಳಿಗೆ ಮದುವೆ ಮಾಡುತ್ತಾರಂತೆ. ದಯವಿಟ್ಟು ತೆರೆದುಕೋ."

"ಮಕ್ಕಳ ಗುಟ್ಟು ಕಾಯುವುದು ನನ್ನ ಕರ್ತವ್ಯ. ಕೀಲಿಕೈ ಬರಲಿ, ತೆರೆಯುತ್ತೇನೆ."

"ಅದು ಹೆಡ್‌ಮಾಸ್ತರರ ಮೇಜಿನೊಳಗಿದೆ. ಎಂದಾದರೂ ಬಂದಿದೆಯೇ?"

"ಶುಕ್ರವಾರ ತಪಾಸಣೆ ಇದೆ. ಅವತ್ತು ಬಂದೇ ಬರುತ್ತದೆ."

ಆದರೆ ಗುರುವಾರವೇ ಬಣ್ಣದ ಬ್ರಷ್ಷು ಬಂತು. ತಪಾಸಣೆಗೆ ಶಾಲೆ ಚೆಂದ ಕಾಣಬೇಕೆಂದು ಪೆಟ್ಟಿಗೆಗೆ ಎರಡೆರಡು ಸಲ ನೀಲಿ ಬಳಿಯಿತು. ಬೀಗದ ತೂತೂ ಮುಚ್ಚಿಹೋಯಿತು.

ಮರುದಿನ ಕೀಲಿಕೈ ಬಂತು, ಒಳಗೆ ಹೋಗಲಿಲ್ಲ. "ಇರಲಿ ಬಿಡಿ, ಪೆಟ್ಟಿಗೆಯನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ!" ಎಂದ ತಪಾಸಣಾಧಿಕಾರಿ, 'ಈ ಶಾಲೆಯಲ್ಲಿ ಮಕ್ಕಳ ದೂರುಗಳಿಲ್ಲ' ಎಂದು ವರದಿಯಲ್ಲಿ ಬರೆದುಕೊಂಡು ಹೊರಟುಹೋದರು.

ಸೋಮವಾರ ಒಂಬತ್ತನೇ ತರಗತಿಯಲ್ಲಿ ಹಾಜರಿ ಕೂಗುವಾಗ ಅಂಬಿಕಾಳ ಹೆಸರಿಗೆ ಯಾರೂ ಉತ್ತರ ಕೊಡಲಿಲ್ಲ.

"ನೋಡಿದೆಯಾ?" ಎಂದಿತು ಬೀಗ ಹೆಮ್ಮೆಯಿಂದ. "ಆ ಹುಡುಗಿ ನಮ್ಮನ್ನು ನಂಬಿ ಹೇಳಿದ ಒಂದು ಮಾತನ್ನೂ ನಾನು ಹೊರಗೆ ಬಿಡಲಿಲ್ಲ."