ಬಡಗಿ ಮುಚ್ಚಿದ ಸಂದು

"ಗುರುಗಳೇ, ಜಪ, ಧ್ಯಾನ, ಪಾಠವೆಂದು ದಿನದ ಒಂದು ಗಳಿಗೆಯನ್ನೂ ನಾನು ಖಾಲಿ ಬಿಟ್ಟವನಲ್ಲ. ಆದರೂ ನಿನ್ನೆ, ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಬಂದು ಹೇಳಿದ್ದನ್ನೇ ಹೇಳುತ್ತಿದ್ದಾಗ ಸಿಡುಕಿಬಿಟ್ಟೆ. ಅವರು ಎದ್ದು ಹೋದರು. ಇಷ್ಟು ಸಾಧನೆ ಮಾಡಿಯೂ ಯಾಕೆ ಹೀಗಾಯಿತು?" ಎಂದು ಮಠದ ಶಿಷ್ಯ ಚನ್ನವೀರ ಕೇಳಿದ. ನಾಚಿಕೆಯಿಂದ ಅವನ ತಲೆ ತಗ್ಗಿತ್ತು.

"ವಿಮಾನ ಹಾರಿಸಿದ ಬಡಗಿಯ ಕತೆ ಗೊತ್ತೇ?" ಎಂದರು ಗುರುಗಳು.

ಬಡಗಿಗೂ ವಿಮಾನಕ್ಕೂ ಎಲ್ಲಿಯ ನಂಟು? ಚನ್ನವೀರ ಕುತೂಹಲದಿಂದ ತಲೆಯೆತ್ತಿದ. ಗುರುಗಳು ಹೇಳತೊಡಗಿದರು.

ಒಬ್ಬ ಬಡಗಿಗೆ ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನಗಳ ಹುಚ್ಚು. ಏರಿಸುವುದರಲ್ಲಿ ಗಟ್ಟಿಗ, ಇಳಿಸುವುದರಲ್ಲಿ ಮಾತ್ರ ಎಡವಟ್ಟು. ಅವನಿಗಿದ್ದದ್ದು ಅಂಗೈಯಗಲದ ಬಯಲು. ವೇಗವಾಗಿ ಇಳಿಸಿದರೆ ಬೇಲಿಗೆ ಬಡಿಯುತ್ತಿತ್ತು, ನಿಧಾನಿಸಿದರೆ ಮೇಲಿಂದಲೇ ದೊಪ್ಪನೆ ಬೀಳುತ್ತಿತ್ತು. ಎರಡು ವಿಮಾನ ಹೀಗೇ ಹೋದವು. ಮೂರನೆಯದನ್ನು ಮಾಡಲು ಒಂದು ವರ್ಷ ಹಿಡಿಯಿತು. ಅದನ್ನೂ ಮುರಿದುಕೊಳ್ಳುವ ಎದೆ ಅವನಿಗಿರಲಿಲ್ಲ.

ಈ ವಿದ್ಯೆ ಬಲ್ಲ ಒಬ್ಬ ಮುದುಕನ ಬಳಿ ಹೋದ. ಮುದುಕನ ವಿಮಾನ ಮೂಗೆತ್ತಿಕೊಂಡು, ನಡೆದು ಬರುವವರ ವೇಗದಲ್ಲಿ ತೇಲಿ ಬಂದು ಇಳಿಯಿತು. ಅದರ ರೆಕ್ಕೆಯ ಮುಂದೆ ಉದ್ದಕ್ಕೂ ಒಂದು ತೆಳು ಪಟ್ಟಿಯಿತ್ತು. ಬಡಗಿ ಅಳತೆ ತೆಗೆದುಕೊಂಡು ಹೋಗಿ ತನ್ನ ವಿಮಾನಕ್ಕೂ ಅಂಥದೇ ಪಟ್ಟಿ ಜೋಡಿಸಿದ. ಪಟ್ಟಿಗೂ ರೆಕ್ಕೆಗೂ ನಡುವೆ ಒಂದು ಸಂದು ಉಳಿಯಿತು. ಬಾಗಿಲು ಮಾಡಿದರೆ ಇರುವೆಯೂ ನುಸುಳದ ಹಾಗೆ ಕೂಡಿಸುವ ಕೈ ಅದು, ಸಂದು ಕಂಡರೆ ಸುಮ್ಮನಿದ್ದೀತೇ? ಮರದ ಪುಡಿಗೆ ಗೋಂದು ಕಲಸಿ ತುಂಬಿದ, ಉಜ್ಜಿ ನುಣುಪು ಮಾಡಿದ.

ವಿಮಾನ ಚೆನ್ನಾಗಿಯೇ ಹಾರಿತು. ಇಳಿಸಲೆಂದು ನಿಧಾನಿಸಿದ ಕೂಡಲೇ ಬಿದ್ದು ಚೂರಾಯಿತು.

ಚೂರುಗಳನ್ನು ಚೀಲಕ್ಕೆ ತುಂಬಿಕೊಂಡು ಬಡಗಿ ಮುದುಕನಲ್ಲಿಗೆ ಓಡಿದ. "ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ ಯಜಮಾನರೇ. ನೀವು ಬಿಟ್ಟಿದ್ದ ಸಂದನ್ನೂ ಮುಚ್ಚಿದ್ದೆ!"

"ಅಯ್ಯೋ ಪುಣ್ಯಾತ್ಮ, ಕೆಲಸ ಮಾಡುವುದೇ ಆ ಸಂದು," ಎಂದ ಮುದುಕ. "ಮೂಗೆತ್ತಿ ನಿಧಾನವಾಗಿ ಬರುವಾಗ ಗಾಳಿ ರೆಕ್ಕೆಯ ಬೆನ್ನು ಬಿಟ್ಟು ಹೋಗುತ್ತದೆ, ವಿಮಾನ ಬೀಳುತ್ತದೆ. ಸಂದಿನಿಂದ ನುಗ್ಗಿದ ಗಾಳಿ ಅದನ್ನು ಬೆನ್ನಿಗೇ ಒತ್ತಿ ಹಿಡಿಯುತ್ತದೆ."

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ಅರ್ಥವಾದಂತೆಯೂ ಇತ್ತು, ಆಗದಂತೆಯೂ ಇತ್ತು.

"ಊಟವಾದ ಮೇಲಿನ ಅರ್ಧ ಗಳಿಗೆ ಮಾತ್ರ ಉಳಿದಿದೆ ಗುರುಗಳೇ. ಅಲ್ಲಿ ತಾಳ್ಮೆಯ ಧ್ಯಾನ ಸೇರಿಸಿಕೊಳ್ಳಲೇ?"

"ಅದನ್ನೂ ತುಂಬಿಬಿಟ್ಟರೆ ಆ ತಾಯಿ ಎಲ್ಲಿ ಕೂರಬೇಕಪ್ಪಾ?" ಎಂದರು ಗುರುಗಳು.