ನಲವತ್ತೊಂದನೆಯವನನ್ನು ತಡೆದ ಪರೀಕ್ಷೆ

"ನೀರ್ಗುಂದಿಯ ಮಹಾಜನಗಳೇ, ಕೇಳಿ! ಮಹಾರಾಣಿ ಹೊನ್ನಾಂಬೆಯವರ ಮೂರು ಒಗಟು ಬಿಡಿಸಿದವರಿಗೆ ಮಂತ್ರಿ ಪದವಿ! ಒಂದು ತಪ್ಪಿದರೂ ತಲೆದಂಡ! ಯಾರೂ ಬಿಡಿಸದಿದ್ದರೆ ಹುಣ್ಣಿಮೆಯಂದು ಗೌರಿಗೆ ಗಲ್ಲು!"

ಡಂಗುರ ಕೇಳಿ ಲಾಯದಲ್ಲಿ ಹುಲ್ಲು ಹಾಕುತ್ತಿದ್ದ ಈರಬಸು ಹುಲ್ಲಿನ ಹೊರೆ ಕೆಳಗೆ ಹಾಕಿ ಅರಮನೆಯತ್ತ ಓಡಿದ. ಗೌರಿ ಅವನ ಒಡಹುಟ್ಟಿದ ಅಕ್ಕ, ತಾಯಿಯಿಲ್ಲದ ಅವನನ್ನು ಸಾಕಿದವಳು. ಆ ರಾಜ್ಯದಲ್ಲಿ ಹೊಳೆ ದಾಟುವ ದೋಣಿಗೆ ಟಿಕೆಟ್ ಕೊಡುತ್ತಿದ್ದುದು ಅರಮನೆಯ ವೆಬ್‌ಸೈಟು. ಅದರಲ್ಲಿ ಯಾರು ಏನು ಬದಲಿಸಿದರೂ ಸೈಟು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಗೌರಿ ಬರೆದಿಟ್ಟ ಪರೀಕ್ಷೆಗಳು ತಾವಾಗಿಯೇ ಓಡುತ್ತಿದ್ದವು. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಹಸಿರು ತೋರಿಸಿದ ದಿನವೇ ದೋಣಿ ಮುಳುಗಿತು. ಸತ್ತವರಲ್ಲಿ ರಾಣಿಯ ಒಬ್ಬನೇ ಮಗನೂ ಇದ್ದ. ಸಿಟ್ಟು ಯಾರ ಮೇಲಾದರೂ ಇಳಿಯಬೇಕಲ್ಲ, ಗೌರಿಯನ್ನು ಸೆರೆಗೆ ತಳ್ಳಿದರು.

ಆಸ್ಥಾನಕ್ಕೆ ಈರಬಸು ಬರುವ ಹೊತ್ತಿಗೆ ಇಬ್ಬರು ಪಂಡಿತರು ಮುಂದೆ ನಿಂತಿದ್ದರು.

ರಾಣಿ ಕೇಳಿದಳು: "ಕಾವಲುಗಾರನೊಬ್ಬ ದಿನವೂ ಎಲ್ಲ ಬಾಗಿಲಿಗೂ ಹೋಗಿ ಬಂದು ಕ್ಷೇಮ ಅನ್ನುತ್ತಾನೆ. ಅವನು ಸುಳ್ಳನಲ್ಲ. ಆದರೂ ಮನೆ ದೋಚಿಹೋಗುತ್ತದೆ. ಯಾಕೆ?"

"ಕಳ್ಳರ ಜೊತೆ ಸೇರಿದ್ದಾನೆ," ಎಂದ ಮೊದಲ ಪಂಡಿತ. ಅವನನ್ನು ಎಳೆದುಕೊಂಡು ಹೋದರು.

ಎರಡನೆಯವನು ಜಾಣ. ಎರಡು ಒಗಟು ದಾಟಿದ. ಮೂರನೆಯದಕ್ಕೆ ರಾಣಿಯ ಮುಖ ನೋಡಿ, "ದೋಣಿಯನ್ನು ಮುಳುಗಿಸಿದ್ದು ಹೊಳೆಯೇ, ಮಹಾತಾಯಿ," ಎಂದ. ಅವನ ತಲೆಯೂ ಹೋಯಿತು.

ಈರಬಸು ಮುಂದೆ ಬಂದ. ಅಕ್ಕ ಊಟಕ್ಕೆ ಕೂತಾಗ ಗೊಣಗುತ್ತಿದ್ದುದಷ್ಟೇ ಅವನು ಕಲಿತ ವಿದ್ಯೆ.

"ತಾಯಿ, ಆ ಕಾವಲುಗಾರ ಬಾಗಿಲ ತನಕ ಹೋದ, ಚಿಲಕ ಎಳೆದು ನೋಡಲಿಲ್ಲ. ಸೈಟಿನ ಪುಟವೆಲ್ಲ ತೆರೆದು ನೋಡಿಯೂ, ಬಂದ ಉತ್ತರ ಸರಿಯೇ ಅಂತ ಕೇಳದ ಪರೀಕ್ಷೆ ಅದು."

ರಾಣಿ ತಲೆಯಾಡಿಸಿ ಎರಡನೆಯದನ್ನು ಕೇಳಿದಳು: "ಇನ್ನೊಬ್ಬ ಕಾವಲುಗಾರ ಒಮ್ಮೆ ಕಳ್ಳ ಬಂದ ಅನ್ನುತ್ತಾನೆ, ಒಮ್ಮೆ ಇಲ್ಲ ಅನ್ನುತ್ತಾನೆ. ಯಜಮಾನರು ಅವನು ಇಲ್ಲ ಅನ್ನುವವರೆಗೂ ಕೇಳಿ, ಆಮೇಲೆ ಮಲಗುತ್ತಾರೆ. ಅವನು ಯಾರು?"

"ಒಮ್ಮೆ ಕೆಂಪು, ಒಮ್ಮೆ ಹಸಿರು ತೋರಿಸುವ ಪರೀಕ್ಷೆ. ಕಾರಣ ಹುಡುಕುವ ಬದಲು ಹಸಿರು ಬರುವ ತನಕ ಮತ್ತೆ ಮತ್ತೆ ಓಡಿಸುತ್ತಾರೆ. ಅಕ್ಕನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು."

ರಾಣಿಯ ದನಿ ಕುಗ್ಗಿತು. "ಮೂರನೆಯವನು ಚಿಲಕ ಎಳೆದು ನೋಡಿದ, ಮಾತು ಬದಲಿಸಲಿಲ್ಲ. ನಲವತ್ತು ಜನರನ್ನು ದೋಣಿ ಹತ್ತಲು ಬಿಟ್ಟು ನಲವತ್ತೊಂದನೆಯವನನ್ನು ತಡೆದ. ಆದರೂ ದೋಣಿ ಮುಳುಗಿತು. ಕೊಂದವರು ಯಾರು?"

ಉತ್ತರ ಈರಬಸುವಿಗೆ ಗೊತ್ತಿತ್ತು. ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಕ್ಕನನ್ನು ನೆನೆದು ಬಾಯಿ ಬಿಟ್ಟ.

"ಅದು ಅಕ್ಕನ ಪರೀಕ್ಷೆ, ನಲವತ್ತಕ್ಕಿಂತ ಹೆಚ್ಚು ಟಿಕೆಟ್ ಹೋಗದಂತೆ ನೋಡುತ್ತಿತ್ತು. ನಲವತ್ತು ಜನ ಹಿಡಿಯುತ್ತಿದ್ದುದು ಹಳೇ ದೋಣಿ. ಮಗನ ಹುಟ್ಟುಹಬ್ಬಕ್ಕೆ ನೀವು ಮಾಡಿಸಿದ ಚಿನ್ನದ ಬಣ್ಣದ ದೋಣಿ ಹಿಡಿಯುವುದು ಇಪ್ಪತ್ತೈದೇ. ದೋಣಿ ಬದಲಾದರೆ ಪರೀಕ್ಷೆಯೂ ಬದಲಾಗಬೇಕು. ನಮ್ಮಕ್ಕನಿಗೆ ಯಾರೂ ಹೇಳಲಿಲ್ಲ. ಕೊಂದವರು ನೀವು, ತಾಯಿ."

ರಾಣಿ ಸಿಂಹಾಸನದಿಂದ ಇಳಿದು ಬಂದಳು. "ಗೊತ್ತಿತ್ತು," ಎಂದಳು. "ಒಬ್ಬರಾದರೂ ಎದುರು ನಿಂತು ಹೇಳಲಿ ಅಂತ ಕಾಯುತ್ತಿದ್ದೆ."

"ಅದಕ್ಕೆ ಎರಡು ತಲೆ ಬೇಕಿತ್ತೇ?" ಈರಬಸುವಿಗೆ ತಡೆಯಲಾಗಲಿಲ್ಲ.

ರಾಣಿ ಮಂತ್ರಿಯ ಮುದ್ರೆಯುಂಗುರವನ್ನು ಅವನ ಬೆರಳಿಗೆ ತೊಡಿಸಿ ಗೌರಿಯನ್ನು ಬಿಡಿಸಿದಳು. ಗೌರಿ ತಮ್ಮನನ್ನು ಅಪ್ಪಿಕೊಂಡು ಅತ್ತಳು. ನಡೆದದ್ದೆಲ್ಲ ಕೇಳಿದವಳೇ ಕಣ್ಣೊರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತು, ಪರೀಕ್ಷೆಯಲ್ಲಿದ್ದ ನಲವತ್ತನ್ನು ಇಪ್ಪತ್ತೈದು ಮಾಡಿ ಓಡಿಸಿದಳು. ಪರದೆ ಕೆಂಪಾಯಿತು.

"ಸೈಟು ಇನ್ನೂ ನಲವತ್ತು ಟಿಕೆಟ್ ಕೊಡುತ್ತಿದೆ," ಎಂದಳು ಗೌರಿ. "ಆ ದೋಣಿ ಈಗೆಲ್ಲಿದೆ?"

ಮುಳುಗಿದ ದೋಣಿಯನ್ನು ಎತ್ತಿಸಿ, ರಿಪೇರಿ ಮಾಡಿಸಿ, ಆ ದಿನವೇ ಮತ್ತೆ ನೀರಿಗೆ ಬಿಡುವವರಿದ್ದರು. ಒಗಟು ಕೇಳುವ ಗದ್ದಲದಲ್ಲಿ ಯಾರಿಗೂ ಅದರ ನೆನಪಿರಲಿಲ್ಲ.

ಈರಬಸು ಲಾಯದ ಕುದುರೆಯೊಂದನ್ನು ಏರಿ ಹೊಳೆಯ ದಂಡೆಗೆ ಧಾವಿಸಿದ. ಹಗ್ಗ ಬಿಚ್ಚುತ್ತಿದ್ದ ಅಂಬಿಗನಿಗೆ ಉಂಗುರ ತೋರಿಸಿ, "ನಿಲ್ಲಿಸೋ! ಎಲ್ಲರನ್ನೂ ಇಳಿಸು!" ಎಂದು ಕೂಗಿದ.

ಹಿಂದೆಯೇ ಬಂದ ರಾಣಿ ದಂಡೆಯ ಮೇಲೆ ನಿಂತಳು. ಜನ ಬೈದುಕೊಳ್ಳುತ್ತ, ಗಂಟುಮೂಟೆ ಹೊತ್ತುಕೊಂಡು ಇಳಿದರು. ಕೊನೆಯವನು ಇಳಿಯುವ ತನಕ ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಅವರಲ್ಲಿ ಅವಳ ಮಗ ಇರಲಿಲ್ಲ.